ಹನ್ನೆರಡು ಕವರು, ಮೂವತ್ತಾರು ಕಾಯಿ

ನಲವತ್ತು ಚೀಲ ಬಿತ್ತನೆ ಬೀಜ ಎಣ್ಣೆ ಮಿಲ್ಲಿಗೆ ಹೊರಟಿದ್ದಾಗ ಒಂದೇ ಒಂದು ಡೈಲಾಗ್ ಹೊಡೆದು ನಿಲ್ಲಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲ ತಾನೆ. ಹಾಗಾದರೆ ಸರಿಯಾಗಿ ಕೂತುಕೊಳ್ಳಿ, ಅವನೇ ನಿಮ್ಮ ಜೊತೆ ಮಾತಾಡುತ್ತಿದ್ದಾನೆ. ಹೆಸರು ಹುಲಿಗೇಶ್. ಊರು ಕುರುಗೋಡು. ವಯಸ್ಸು ಇಪ್ಪತ್ತೆರಡು, ಅನುಭವ ಮಾತ್ರ ನೂರು ದಿನ ಓಡಿದ ಪಿಚ್ಚರಿನಷ್ಟು.

ದೃಶ್ಯ ಕೇಳಿ. ಮೇ ತಿಂಗಳ ಕೊನೆಯ ಶನಿವಾರ, ನೆತ್ತಿಯ ಮೇಲೆ ಬಿಸಿಲು. ಓಣಿಯಲ್ಲಿ ಮಿಲ್ಲಿನ ಲಾರಿ, ಎಂಜಿನ್ ಚಾಲೂ. ಹಮಾಲರ ಹೆಗಲ ಮೇಲೆ ಚೀಲ. ಆಗ ನಾನು ಬೈಕಿನಲ್ಲಿ ಬರುತ್ತೇನೆ. ಲಾರಿಗೆ ಅಡ್ಡ ನಿಲ್ಲಿಸುತ್ತೇನೆ. ಕಪ್ಪು ಕನ್ನಡಕ ತೆಗೆದು ಅಂಗಿಗೆ ಸಿಕ್ಕಿಸಿ, ಡ್ರೈವರನ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ: "ಈ ಬೀಜ ಹುಟ್ಟಿರೋದು ಮಣ್ಣಿಗೆ ಬೀಳೋಕೆ. ಬಾಣಲಿಗೆ ಬೀಳಿಸೋರು ಮೊದಲು ನನ್ನನ್ನ ಬೀಳಿಸಬೇಕು." ಲಾರಿ ಬಂದ್. ಓಣಿ ಸೈಲೆಂಟ್. ನಲವತ್ತಕ್ಕೆ ನಲವತ್ತು ಚೀಲವೂ ವಾಪಸ್ ಮನೆಯೊಳಗೆ.

ಡೈಲಾಗ್ ಹೊಡೆಯುವಾಗ ನನ್ನ ಬಾಯಿ ಬೆಂಗಳೂರಿಗೆ ಹೋಗುತ್ತದೆ, ಮುಗಿದ ಮೇಲೆ ಬಳ್ಳಾರಿ ಬಸ್ ಹತ್ತಿ ವಾಪಸ್ ಬರುತ್ತದೆ. ಅದಕ್ಕೆ ಏನೂ ಮಾಡಲಾಗುವುದಿಲ್ಲ, ಹತ್ತು ವರ್ಷದಿಂದ ಶುಕ್ರವಾರ ತಪ್ಪಿಸದೆ ಪಿಚ್ಚರ್ ನೋಡಿದವನ ಬಾಯಿ ಅದು. ಈಗ ಈ ಕ್ಲೈಮ್ಯಾಕ್ಸಿಗೆ ಹೇಗೆ ಬಂದೆವು ಎಂದು ಮೊದಲಿನಿಂದ ಹೇಳುತ್ತೇನೆ. ನಡುವೆ ಎದ್ದು ಹೋಗಬೇಡಿ.

ನಾನು ಬಳ್ಳಾರಿಯ ಒಂದು ಬೆಳೆರೋಗದ ಲ್ಯಾಬಿಗೆ ಸ್ಯಾಂಪಲ್ ತಂದುಕೊಡುವ ಕೆಲಸ ಮಾಡುತ್ತೇನೆ. ಕೌಲ್ ಬಜಾರಿನ ಹಿಂದಿನ ಓಣಿಯಲ್ಲಿ ಕೆಳಗೆ ತಾಡಪತ್ರಿ ಅಂಗಡಿ, ಮೇಲೆ ನಮ್ಮ ಲ್ಯಾಬ್. ಅಲ್ಲಿ ಫ್ಯಾನ್ ಹಾಕುವಂತಿಲ್ಲ. ಹಾಕಿದರೆ ಒಂದು ತಟ್ಟೆಯ ಬೂಷ್ಟು ಹಾರಿ ಇನ್ನೊಂದು ತಟ್ಟೆಯಲ್ಲಿ ಕೂರುತ್ತದೆ ಎಂದು ಪೂಜಿತಾ ಮೇಡಂ ಸ್ವಿಚ್ಚಿಗೇ ಟೇಪು ಅಂಟಿಸಿದ್ದಾರೆ. ಮೇಡಂ ಪಿಎಚ್‌ಡಿ ಮಾಡುತ್ತಿರುವವರು, ಊರು ಕುಡತಿನಿ, ಅವರಪ್ಪ ಪವರ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾರೆ. ಊರಿಗೆಲ್ಲ ಕರೆಂಟು ಕೊಡುವ ಕಡೆಯಿಂದ ಬಂದು ನಮಗೆ ಒಂದು ಫ್ಯಾನ್ ಕೊಡುವುದಿಲ್ಲವಲ್ಲ ಮೇಡಂ ಎಂದು ನಾಲ್ಕು ಸಲ ಕೇಳಿದ್ದೇನೆ. ನಾಲ್ಕನೇ ಸಲ ಸ್ವಲ್ಪ ನಕ್ಕರು.

ಮೇಡಂ ಹಿಡಿದಿದ್ದು ಸೋಯಾಬೀನಿನ ಚಿಬ್ಬು ರೋಗ. ಕಾಯಿಯ ಮೇಲೆ ಮೊದಲು ಕಂದು ಕಲೆ, ಆಮೇಲೆ ಯಾರೋ ಕಾಡಿಗೆಯ ಬೆರಳಲ್ಲಿ ಒತ್ತಿದ ಹಾಗೆ ಕಪ್ಪು ಚುಕ್ಕೆ, ಆಮೇಲೆ ಒಳಗೆ ಕಾಳು ಚಪ್ಪಟೆ. ನಮ್ಮ ಕಡೆಯೆಲ್ಲ ಮೆಣಸಿನಕಾಯಿ, ಭತ್ತ, ಹತ್ತಿ. ಸೋಯಾ ಹೊಸದು, ಐದಾರು ವರ್ಷದಿಂದ ಕೆಲವರು ಬಿತ್ತುತ್ತಿದ್ದಾರೆ. ಹಿಂದೆಯೇ ಈ ರೋಗವೂ ಬಂತು. ಮೆಣಸಿನ ಹಣ್ಣನ್ನು ಕೊಳೆಸುವುದೂ ಇದೇ ಜಾತಿಯ ಬೂಷ್ಟಂತೆ. ಹಾಗಾದರೆ ಸೋಯಾಕ್ಕೆ ಇದು ಎಲ್ಲಿಂದ ಬಂತು, ಪಕ್ಕದ ಮೆಣಸಿನ ಹೊಲದಿಂದ ಹಾರಿ ಬಂತೋ, ಬೀಜದೊಳಗೆ ಕೂತು ಸವಾರಿ ಮಾಡಿಕೊಂಡು ಬಂತೋ, ಇದು ಅವರ ಪ್ರಶ್ನೆ. ಕೆಲಸಕ್ಕೆ ಸೇರಿದ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ನೋಡ ಹುಲಿಗೇಶ, ಕಣ್ಣಿಗೆ ಎಲ್ಲಾ ಬೂಷ್ಟು ಒಂದ ಥರ ಕಾಣ್ತೈತಿ. ಒಳಗ ಡಿಎನ್‌ಎ ನೋಡಿದ್ರ ಬ್ಯಾರೆ ಬ್ಯಾರೆ ಮನಿತನ ಇರ್ತಾವು. ಹನ್ನೆರಡು ಹೊಲದಾಗ ಎಂಟ್ಹತ್ತು ಮನಿತನ ಸಿಕ್ರ, ಅದು ಇಲ್ಲೇ ಸುತ್ತಮುತ್ತ ಬೆಳೆದದ್ದು ಅಂತ ಅರ್ಥ. ಹನ್ನೆರಡರಾಗೂ ಒಂದ ಮನಿತನ ಸಿಕ್ತು ಅಂದ್ರ, ಯಾರೋ ಒಂದ ಕಡಿಂದ ಹೊತ್ತು ಹಂಚ್ಯಾರ."

ನಿಯಮ ಒಂದೇ. ಪ್ರತಿ ಹೊಲದಲ್ಲೂ ಒಳಗೆ ಹೋಗಬೇಕು. ಒಂದು ರೋಗದ ಗಿಡದಿಂದ ಒಂದು ಕಾಯಿ, ಅಲ್ಲಿಂದ ಹತ್ತು ಹೆಜ್ಜೆ ನಡೆದು ಇನ್ನೊಂದು ಗಿಡದಿಂದ ಒಂದು, ಮತ್ತೆ ಹತ್ತು ಹೆಜ್ಜೆ, ಮೂರನೆಯದು. ಮೂರು ಕಾಯಿ ಒಂದು ಕಾಗದದ ಕವರಿಗೆ. ಕವರಿನ ಮೇಲೆ ಹೊಲದ ನಂಬರನ್ನು ಮೇಡಂ ಮೊದಲೇ ಬರೆದಿರುತ್ತಾರೆ. ಹತ್ತು ಹೆಜ್ಜೆ ಯಾಕೆ, ಐದು ಸಾಲದೇ ಎಂದು ಕೇಳಿದ್ದಕ್ಕೆ, ಪಕ್ಕಪಕ್ಕದ ಗಿಡದ ರೋಗ ಒಡಹುಟ್ಟಿದವರಿದ್ದ ಹಾಗೆ, ಅವರನ್ನೇ ಮತ್ತೆ ಮತ್ತೆ ಎಣಿಸಿದರೆ ಊರಿನ ಲೆಕ್ಕ ಸಿಗುವುದಿಲ್ಲ ಎಂದರು.

ಹೋದ ಸೆಪ್ಟೆಂಬರಿನ ಒಂದು ಶುಕ್ರವಾರ ಹನ್ನೆರಡು ಕವರು ನನ್ನ ಕೈಗೆ ಬಂದವು. ಕುರುಗೋಡಿನ ಸುತ್ತ ಐದು ಹೊಲ, ಸಿರುಗುಪ್ಪದ ಕಡೆ ಏಳು. ಯಾರೇ ಹೋದರೂ ಎರಡು ದಿನದ ಕೆಲಸ. ನಾನು ಅದೇ ದಿನ ಮಧ್ಯಾಹ್ನ ಮೂರೂವರೆಗೆ ಹನ್ನೆರಡೂ ಕವರು ತುಂಬಿಸಿ ಮೇಡಂ ಮೇಜಿನ ಮೇಲಿಟ್ಟೆ. ಲ್ಯಾಬಿನ ಮುಖ್ಯಸ್ಥರು ವಿರೂಪಾಕ್ಷಿ ಸರ್ ನನ್ನ ಬೆನ್ನು ತಟ್ಟಿ, ಕೆಲಸ ಅಂದರೆ ಹೀಗಿರಬೇಕು ಎಂದು ಇಡೀ ಲ್ಯಾಬಿಗೆ ಕೇಳುವ ಹಾಗೆ ಹೇಳಿದರು. ಮೇಡಂ ಮಾತ್ರ ಕವರುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಹತ್ತು ಹೆಜ್ಜೆ ಬಿಟ್ಟಿದ್ದೀಯಾ ಎಂದರು.

"ನಾನು ಹೆಜ್ಜೆ ಎಣಿಸಲ್ಲ ಮೇಡಂ," ಅಂದೆ. "ನಾನು ನಡೆದರೆ ಹೊಲಾನೇ ಎಣಿಸತ್ತೆ."

ಅವರು ತಲೆ ಅಲ್ಲಾಡಿಸಿ ನಕ್ಕು ಕವರುಗಳನ್ನು ಒಳಗಿಟ್ಟುಕೊಂಡರು. ಅಂದು ಬೆಳಿಗ್ಗೆ ಬಳ್ಳಾರಿಯಲ್ಲಿ ಒಂದು ಹೊಸ ಪಿಚ್ಚರ್ ಬಿಡುಗಡೆಯಾಗಿತ್ತು, ಹತ್ತೂವರೆಯ ಆಟ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮ್ಮನೆ ನೆನಪಾಯಿತು.

ಇನ್ನು ಸುಂಕಮ್ಮತ್ತೆಯ ಬಗ್ಗೆ ಹೇಳಬೇಕು. ರಕ್ತಸಂಬಂಧ ಏನಿಲ್ಲ, ನಮ್ಮ ಮನೆಯಿಂದ ಎರಡು ಓಣಿ ಆಚೆ ಇರುವವರು, ಊರಿನ ಅರ್ಧ ಹುಡುಗರಿಗೆ ಅತ್ತೆ. ಐದು ವರ್ಷದ ಹಿಂದೆ ಯಾರಿಂದಲೋ ಎರಡು ಸೇರು ಸೋಯಾ ಬೀಜ ತಂದು ತಮ್ಮ ಹೊಲದ ಮೂಲೆಯಲ್ಲಿ ಹಾಕಿದರು. ಬೆಳೆ ನಿಂತಿರುವಾಗಲೇ ಹೊಲವೆಲ್ಲ ತಿರುಗಿ, ನಮ್ಮ ಬಿಸಿಲಿಗೆ ಬಾಡದ ಗಿಡಗಳಿಗೆ ಕೆಂಪು ದಾರ ಕಟ್ಟಿದರು. ದಾರ ಕಟ್ಟಿದ ಗಿಡಗಳ ಕಾಳನ್ನು ಮಾತ್ರ ಬೀಜಕ್ಕೆ ಇಟ್ಟರು. ಮರುವರ್ಷ ಮತ್ತೆ ಹಾಗೆಯೇ. ಹೀಗೆ ಎರಡು ಸೇರು ನಲವತ್ತು ಚೀಲವಾಯಿತು. ಕುರುಗೋಡಿನಿಂದ ಸಿರುಗುಪ್ಪದವರೆಗೆ ನಮ್ಮ ಹನ್ನೆರಡು ಹೊಲಗಳಿಗೂ ಬೀಜ ಹೋದದ್ದು ಅವರ ಮನೆಯಿಂದಲೇ.

ಆ ಮನೆಯಲ್ಲಿ ಚೀಲ ಒಗೆಯುವಂತಿಲ್ಲ. ಮೂರರ ಮೇಲೆ ನಾಲ್ಕನೆಯದನ್ನು ಪೇರಿಸುವಂತಿಲ್ಲ. ಸೋಯಾ ಕಾಳಿನ ಸಿಪ್ಪೆ ತೀರಾ ತೆಳು, ಮೊಳಕೆ ಅದರ ಕೆಳಗೇ ಇರುತ್ತದೆ. ಎತ್ತಿ ಒಗೆದರೆ ಹೊರಗೆ ಏನೂ ಕಾಣುವುದಿಲ್ಲ, ಮಣ್ಣಿಗೆ ಹಾಕಿದಾಗ ಹುಟ್ಟುವುದಿಲ್ಲ. ಮೂರು ವರ್ಷದ ಹಿಂದೆ ನಾನು ಮತ್ತು ನನ್ನ ಗೆಳೆಯ ಹಂಪೇಶ್ ಒಂದು ಫೈಟ್ ಸೀನು ಮಾಡಿ ತೋರಿಸಲು ಹೋಗಿ ಅಟ್ಟದಿಂದ ಚೀಲದ ಮೇಲೆ ಜಿಗಿದಿದ್ದೆವು. ಸುಂಕಮ್ಮತ್ತೆ ಹೊಡೆಯಲಿಲ್ಲ. ಆ ಚೀಲದಿಂದ ನೂರು ಕಾಳು ತೆಗೆದು, ಒದ್ದೆ ಬಟ್ಟೆಯಲ್ಲಿ ಸಾಲಾಗಿ ಜೋಡಿಸಿ ಸುರುಳಿ ಸುತ್ತಿಟ್ಟರು. ನಾಲ್ಕು ದಿನ ಬಿಟ್ಟು ನಮ್ಮಿಬ್ಬರನ್ನು ಕರೆಸಿ ಬಟ್ಟೆ ಬಿಚ್ಚಿ, ಹುಟ್ಟದೇ ಇದ್ದ ಕಾಳುಗಳನ್ನು ನಮ್ಮ ಕೈಯಲ್ಲೇ ಎಣಿಸಿದರು. ನಲವತ್ತಮೂರು. ನನಗೆ ಆ ಸಂಖ್ಯೆ ಇವತ್ತಿಗೂ ಮರೆತಿಲ್ಲ.

ಪ್ರತಿ ವರ್ಷ ಬೀಜ ಕೊಡುವ ಮುಂಚೆ ಅವರು ಹೀಗೆ ಬಟ್ಟೆ ಸುತ್ತುತ್ತಾರೆ. ನೂರಕ್ಕೆ ಎಂಬತ್ತು ಹುಟ್ಟದ ಚೀಲವನ್ನು ಯಾರಿಗೂ ಕೊಡುವುದಿಲ್ಲ.

ಲ್ಯಾಬಿನಲ್ಲಿ ನನ್ನ ಕಾಯಿಗಳಿಂದ ಬೂಷ್ಟು ಬೆಳೆಸಿ, ಅದರ ಡಿಎನ್‌ಎ ತೆಗೆದು, ಹೊರಗಡೆ ಕಳಿಸಿ ಬರುವಷ್ಟರಲ್ಲಿ ಮೇ ತಿಂಗಳು ಬಂತು. ಒಂದು ಸೋಮವಾರ ಮೇಡಂ ನನ್ನನ್ನು ಒಳಗೆ ಕರೆದು ಕಂಪ್ಯೂಟರ್ ತೋರಿಸಿದರು. ಮೂವತ್ತಾರು ಸಾಲು. ಪ್ರತಿ ಸಾಲಿನಲ್ಲೂ ಅವೇ ಗೆರೆಗಳು, ಅದೇ ಜಾಗದಲ್ಲಿ. ಒಬ್ಬನೇ ಹೀರೊ ಮೂವತ್ತಾರು ಪಾತ್ರ ಮಾಡಿದ್ದಾನೆ, ಒಂದರಲ್ಲೂ ಮೀಸೆ ಬದಲಿಸಿಲ್ಲ.

ಮೇಡಂ ಖುಷಿಯಾಗಿರಬೇಕಿತ್ತು. ಆಗಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಮೂರು ಸಲ ಪರೀಕ್ಷೆ ಮಾಡಿಸಿದೆ, ಹೊಸ ರಾಸಾಯನಿಕ ತರಿಸಿ ಮಾಡಿದೆ, ಆದರೂ ಇಷ್ಟು ನೀಟಾಗಿ ಎಲ್ಲೂ ಬರುವುದಿಲ್ಲ ಎಂದರು. ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ವಿರೂಪಾಕ್ಷಿ ಸರ್‌ಗೆ ಅನುಮಾನವೇ ಇರಲಿಲ್ಲ. ಅರವತ್ತು ಕಿಲೋಮೀಟರ್ ಉದ್ದಕ್ಕೂ ಒಂದೇ ಮನೆತನ. ಹನ್ನೆರಡು ಹೊಲಕ್ಕೂ ಸಮಾನವಾಗಿರುವುದು ಸುಂಕಮ್ಮನ ಬೀಜ ಒಂದೇ. ಅಂದ ಮೇಲೆ ರೋಗ ಬೀಜದಲ್ಲೇ ಇದೆ. ಮೇಡಂ ಹತ್ತು ದಿನ ಕೇಳಿದರು, ಬೀಜವನ್ನೇ ತಟ್ಟೆಯಲ್ಲಿಟ್ಟು ನೋಡುತ್ತೇನೆ ಎಂದರು. ಮುಂದಿನ ವಾರವೇ ಜನ ಬೀಜ ಒಯ್ಯಲು ಬರುತ್ತಾರೆ, ಮಳೆ ಹತ್ತು ದಿನ ರಜೆ ಕೊಡುವುದಿಲ್ಲ, ರೋಗ ಗೊತ್ತಿದ್ದೂ ಬಿತ್ತಿಸಿದರೆ ಅದು ನಮ್ಮ ತಲೆಗೇ ಬರುತ್ತದೆ ಎಂದು ಸರ್ ಅಂದೇ ಸುಂಕಮ್ಮತ್ತೆಗೆ ಫೋನ್ ಮಾಡಿದರು. ಗೌರವದಿಂದಲೇ ಮಾತಾಡಿದರು. ಅದೇ ತೊಂದರೆಯಾಯಿತು. ಜಗಳ ಮಾಡಿದ್ದರೆ ಅತ್ತೆಯೂ ಜಗಳ ಮಾಡುತ್ತಿದ್ದರು.

ಇಲ್ಲಿ ನಿಮಗೊಂದು ವಿಷಯ ಹೇಳಿಬಿಡುತ್ತೇನೆ. ಯಾರಿಗೂ ಹೇಳಬೇಡಿ. ಆ ಶುಕ್ರವಾರ ನಾನು ಸಿರುಗುಪ್ಪಕ್ಕೆ ಹೋಗಿರಲಿಲ್ಲ. ಪಿಚ್ಚರಿಗೆ ಹೋಗಿದ್ದೆ. ಸಿರುಗುಪ್ಪದ ಏಳು ಕವರುಗಳನ್ನೂ ಕುರುಗೋಡಿನ ಹೊಲಗಳಲ್ಲೇ ತುಂಬಿಸಿದ್ದೆ. ಇಷ್ಟೇ. ದೊಡ್ಡ ಅಪರಾಧವೇನಲ್ಲ ಎಂದು ಆಗ ಅನಿಸಿತ್ತು. ಅದೇ ಬೀಜ, ಅದೇ ರೋಗ, ಅದೇ ಕಪ್ಪು ಚುಕ್ಕೆ, ಸಿರುಗುಪ್ಪದ ಚುಕ್ಕೆಗೇನು ಕೊಂಬು ಇರುತ್ತದೆಯೇ.

ಸೋಮವಾರದಿಂದ ನನಗೆ ಒಂದು ಕಡೆ ಕೂರಲಾಗಲಿಲ್ಲ. ಮಂಗಳವಾರ ಕುರುಗೋಡಿನಿಂದ ಬಳ್ಳಾರಿಗೆ ಮೂರು ಸಲ ಓಡಾಡಿದೆ, ಮೂರು ಸಲವೂ ಲ್ಯಾಬಿನ ಮೆಟ್ಟಿಲವರೆಗೆ ಹೋಗಿ ತಾಡಪತ್ರಿ ಅಂಗಡಿಯಲ್ಲಿ ರೇಟು ಕೇಳಿ ವಾಪಸ್ ಬಂದೆ. ಅಂಗಡಿಯವನು ಮೂರನೇ ಸಲ, ತಮ್ಮಾ ನಿನಗೆ ಮದುವೆ ಚಪ್ಪರ ಹಾಕಬೇಕೋ ಗುಡಿಸಲು ಹಾಕಬೇಕೋ ಮೊದಲು ತೀರ್ಮಾನ ಮಾಡು ಎಂದ. ಫೋನಿನ ರಿಂಗ್‌ಟೋನ್ ಬದಲಿಸಿದೆ. ಒಂದು ಗಂಟೆ ಬಿಟ್ಟು ಮತ್ತೆ ಬದಲಿಸಿದೆ. ಊಟಕ್ಕೆ ಕೂತರೆ ಕಾಲು ತಾನಾಗಿ ಅಲ್ಲಾಡುತ್ತಿತ್ತು, ಅಪ್ಪ ಗಾಳೆಪ್ಪ ತಟ್ಟೆ ಹಿಡಿದುಕೊಂಡು ನೆಲ ಅದುರುತ್ತಿದೆ ಎಂದು ಸುತ್ತ ನೋಡಿದರು. ಹಾಸ್ಯಕ್ಕಲ್ಲ, ನಿಜವಾಗಿಯೂ ನೋಡಿದರು.

ಬುಧವಾರ ಹಂಪೇಶನಿಗೆ ಹೇಳಿದೆ. ಆ ಶುಕ್ರವಾರ ನನ್ನ ಜೊತೆ ಪಿಚ್ಚರಿಗೆ ಬಂದವನು ಅವನೇ. ಅವನು ಗುಟ್ಕಾ ಪಾಕೀಟು ಹರಿಯುತ್ತಾ ನನ್ನನ್ನು ಸಮಾಧಾನ ಮಾಡಿದ.

"ಏಂ ಕಾದ್ಲೇ, ಏನೂ ಆಗಂಗಿಲ್ಲ. ಬೂಷ್ಟಿಗೇನ್ ಆಧಾರ್ ಕಾರ್ಡ್ ಐತೇನು, ಇದು ಸಿರುಗುಪ್ಪದ್ದು, ಇದು ಕುರುಗೋಡಿಂದು ಅಂತ?"

"ಐತಲೇ," ಅಂದೆ. "ಮೇಡಂ ಓದಾದು ಅದನ್ನ."

ಹಂಪೇಶ್ ಬಾಯಲ್ಲಿದ್ದದ್ದನ್ನು ಉಗಿದು, ಹಾಗಾದರೆ ಹೇಳಿಬಿಡು ಎಂದ. ಹೇಳಿದರೆ ಕೆಲಸ ಹೋಗುತ್ತದೆ ಎಂದೆ. ಹಾಗಾದರೆ ಹೇಳಬೇಡ ಎಂದ. ಅವನಿಂದ ಇದಕ್ಕಿಂತ ಹೆಚ್ಚು ಸಹಾಯ ಸಿಗುವಂತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸುಂಕಮ್ಮತ್ತೆ ಹೇಳಿಕಳಿಸಿದರು. ಹೋದೆ. ಪಡಸಾಲೆಯಲ್ಲಿ ಚೀಲಗಳು ಮೂರು ಮೂರರ ಸಾಲಾಗಿ ಹಲಗೆಗಳ ಮೇಲೆ ಕೂತಿದ್ದವು. ನೆಲದ ಮೇಲೆ ಒದ್ದೆ ಬಟ್ಟೆಯ ಸುರುಳಿ. ಅತ್ತೆ ಅದನ್ನು ನಿಧಾನವಾಗಿ ಬಿಚ್ಚಿದರು. ನೂರು ಕಾಳು, ಬಿಳಿ ಬೇರುಗಳು, ಒಂದೊಂದು ಬೇರೂ ಬೆರಳುದ್ದ. ಎಂಬತ್ತೆಂಟು ಹುಟ್ಟಿದ್ದವು. ಚಿಬ್ಬು ಎಲ್ಲಿದೆ ತೋರಿಸು ಎಂದರು. ಬಾಗಿ ನೋಡಿದೆ. ಒಂದು ಕಾಳಿನ ಮೇಲೆ ಕಂದು ಕಲೆ ಇತ್ತು, ಅದೂ ಚಿಬ್ಬು ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಉಳಿದವು ಆಗಷ್ಟೇ ಸ್ನಾನ ಮಾಡಿಸಿದ ಕೂಸಿನ ಹಾಗಿದ್ದವು.

"ನಿಮ್ಮ ಮಿಷಿನಿಗೆ ಕಾಣಾದು ನನ್ನ ಕಣ್ಣಿಗೆ ಕಾಣವಲ್ದು," ಅಂದರು ಅತ್ತೆ. "ನಾ ಓದಿದಾಕಿ ಅಲ್ಲ. ಹನ್ನೆರಡೂ ಹೊಲಕ್ಕ ಹೋಗಿ ಕಾಯಿ ತಂದಾವ ನೀನು. ನೀ ಹೇಳು ಹುಲಿಗ್ಯಾ. ಮಂದಿಗೆ ಕೊಡ್ಲೋ, ಬ್ಯಾಡೋ?"

ಇಪ್ಪತ್ತೆರಡು ವರ್ಷದಲ್ಲಿ ಎಲ್ಲದಕ್ಕೂ ನನ್ನ ಹತ್ತಿರ ಡೈಲಾಗ್ ಇತ್ತು. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಡೈಲಾಗ್, ಪರೀಕ್ಷೆಯಲ್ಲಿ ಫೇಲಾದರೆ ಡೈಲಾಗ್. ಅವತ್ತು ಬಾಯಿ ತೆರೆದರೆ ಬಂದದ್ದು ಇಷ್ಟು:

"ಸರ್ ಹೇಳಿದಂಗ ಮಾಡು ಅತ್ತೀ."

ಅತ್ತೆ ತಲೆಯಾಡಿಸಿದರು. ಬಟ್ಟೆಯನ್ನು ಮತ್ತೆ ಸುರುಳಿ ಸುತ್ತತೊಡಗಿದರು, ಹುಟ್ಟಿದ ಕಾಳುಗಳ ಬೇರು ಮುರಿಯದ ಹಾಗೆ. ಯಾರ ಹೊಲಕ್ಕೋ ರೋಗ ಹಚ್ಚಿದವಳು ಅನ್ನಿಸಿಕೊಂಡು ಬದುಕುವುದಕ್ಕಿಂತ ಎಣ್ಣೆಯಾಗಲಿ ಎಂದು ಮಿಲ್ಲಿನವರಿಗೆ ಆಗಲೇ ಹೇಳಿದ್ದೇನೆ, ನಾಳೆ ಲಾರಿ ಬರುತ್ತದೆ, ಎರಡು ಸರ್ತಿಗೆ ಒಯ್ಯುತ್ತಾರೆ ಎಂದರು. ಬೀಜಕ್ಕೆ ಎಂದು ಒಂದು ಹಿಡಿಯಾದರೂ ಇಟ್ಟುಕೊಳ್ಳಿ ಎಂದೆ. ರೋಗ ಇದೆ ಎಂದಾದ ಮೇಲೆ ಹಿಡಿಯಾದರೇನು ಚೀಲವಾದರೇನು ಎಂದರು. ಐದು ವರ್ಷದ ಕೆಂಪು ದಾರಗಳು ಒಂದು ಡಬ್ಬಿಯಲ್ಲಿ ಗೂಡಿನೊಳಗಿದ್ದವು. ಅದರ ಮುಚ್ಚಳ ತೆರೆದೇ ಇತ್ತು.

ಶನಿವಾರ ಲಾರಿ ಬಂತು.

ಈಗ ನನ್ನ ಕ್ಲೈಮ್ಯಾಕ್ಸು ಬರಬೇಕು. ಬೈಕು, ಕನ್ನಡಕ, ಡೈಲಾಗು. ಮೇಲೆ ಒಂದು ಸಲ ಹೇಳಿದ್ದೇನಲ್ಲ, ನಿಮಗೂ ಹಿಡಿಸಿತ್ತು. ಅದನ್ನೇ ಇನ್ನೊಂದು ಸಲ ಹೇಳಿ ಮುಗಿಸಬಹುದು. ನಾಲ್ಕು ಸಲ ಪ್ರಯತ್ನಿಸಿದೆ. ಆದರೆ ಆ ಸುರುಳಿ ಬಟ್ಟೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಬೈಕು ಇರಲಿಲ್ಲ. ನಾನು ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ಹಮಾಲರಲ್ಲಿ ಒಬ್ಬ ಬಂದಿರಲಿಲ್ಲ, ಓಣಿಯಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಿದ್ದ ಹುಡುಗನೆಂದರೆ ನಾನೊಬ್ಬನೇ, ಅತ್ತೆ ಒಂದು ಕೈ ಹಾಕು ಎಂದರು. ಹಮಾಲರ ಹೆಗಲ ಮೇಲೆ ಚೀಲ ಎಂದಿದ್ದೆನಲ್ಲ, ಅದರಲ್ಲಿ ಒಂದು ಹೆಗಲು ನನ್ನದು. ಮೊದಲ ಸರ್ತಿಗೆ ಇಪ್ಪತ್ತೊಂದು ಚೀಲ ಹೋದವು. ಅದರಲ್ಲಿ ಏಳನ್ನು ನಾನೇ ಹೊತ್ತು ಲಾರಿಗೆ ಹಾಕಿದೆ. ಪ್ರತಿ ಚೀಲ ಎತ್ತುವಾಗಲೂ ಇದನ್ನು ಇಳಿಸಿ ಹೇಳುತ್ತೇನೆ ಎಂದುಕೊಂಡೆ. ಇಳಿಸಿದ ಮೇಲೆ ಮುಂದಿನ ಚೀಲ ಎತ್ತಿದೆ. ಲಾರಿ ಹೋಯಿತು, ಖಾಲಿಯಾಗಿ ವಾಪಸ್ ಬಂತು.

ಎರಡನೇ ಸರ್ತಿಯ ಮೊದಲ ಚೀಲವನ್ನು ಹಮಾಲ ಭೀಮರಾಜ ಕೆಳಗಿನಿಂದಲೇ ಲಾರಿಯೊಳಗೆ ಒಗೆದ. ಧಪ್ ಎಂದಿತು. ಸುಂಕಮ್ಮತ್ತೆ ಬಾಗಿಲಿನಿಂದ ಓಡಿ ಬಂದರು.

"ಒಗಿಬ್ಯಾಡ್ರಪ್ಪಾ. ಮೆಲ್ಲಕ ಇಡ್ರಿ."

"ಗಾಣಕ್ಕ ಹೋಗಾದನ್ನ ಮೆಲ್ಲಕ ಇಟ್ರೇನು, ಒಗದ್ರೇನು ಯಕ್ಕಾ," ಎಂದ ಭೀಮರಾಜ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅವನಿಗೆ ಬಿಸಿಲಾಗಿತ್ತು.

ಅತ್ತೆಗೂ ಅದು ಗೊತ್ತಿತ್ತು. ಮುಂದಿನ ಚೀಲ ಲಾರಿಯ ಅಂಚಿಗೆ ಬಂದಾಗ, ಎರಡೂ ಅಂಗೈಗಳನ್ನು ಚೀಲದ ಅಡಿಗೆ ಕೊಟ್ಟು, ಅದು ಹಲಗೆ ಮುಟ್ಟುವವರೆಗೂ ಹಿಡಿದುಕೊಂಡರು. ಆಮೇಲೆ ಕೈ ಹೊರಗೆ ಎಳೆದುಕೊಂಡರು.

ನನ್ನ ಹೆಗಲ ಮೇಲೆ ಮೂರನೆಯ ಚೀಲ ಇತ್ತು.

"ಅತ್ತೀ, ನಾ ಸಿರುಗುಪ್ಪಕ್ಕ ಹೋಗಿದ್ದಿಲ್ಲ," ಅಂದೆ.

ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನನಗೆ ಒಂದು ಕ್ಷಣ ಖುಷಿಯೇ ಆಯಿತು, ಹೇಳಿದ್ದೇನೆ, ಯಾರಿಗೂ ಕೇಳಲಿಲ್ಲ, ನನ್ನ ತಪ್ಪೇನು ಎಂದು. ಆದರೆ ಅತ್ತೆ ನನ್ನ ತುಟಿ ಅಲ್ಲಾಡಿದ್ದನ್ನು ನೋಡಿದ್ದರು. ಡ್ರೈವರನಿಗೆ ಕೈ ಮಾಡಿ ಎಂಜಿನ್ ಬಂದ್ ಮಾಡಿಸಿದರು. ಆಗ ಎರಡನೇ ಸಲ ಹೇಳಬೇಕಾಯಿತು, ಗದ್ದಲವಿಲ್ಲದ ಓಣಿಯಲ್ಲಿ, ಭೀಮರಾಜನೂ ಡ್ರೈವರನೂ ಕೇಳುತ್ತಿರುವಾಗ.

ಅತ್ತೆ ಬೈಯುತ್ತಾರೆ, ಚಪ್ಪಲಿ ತೆಗೆಯುತ್ತಾರೆ ಎಂದು ಕಾದೆ. ಅವರು ನನ್ನ ಹೆಗಲು ನೋಡುತ್ತಿದ್ದರು.

"ಹೊತ್ತಿದ್ದು ಮೊದ್ಲು ಇಳಿಸು," ಅಂದರು. "ಮೆಲ್ಲಕ."

ಇಳಿಸಿದೆ. ಲ್ಯಾಬಿನ ಆ ಹುಡುಗಿಗೆ ಫೋನ್ ಹಚ್ಚು, ಎಲ್ಲರಿಗೂ ಕೇಳುವ ಹಾಗೆ ಇಡು ಎಂದರು. ಹಚ್ಚಿದೆ. ಸಿರುಗುಪ್ಪದ ಏಳು ಕವರಿನ ವಿಷಯ ಮೇಡಂಗೆ ಹೇಳಿದೆ. ಆ ಕಡೆಯಿಂದ ಬಂದದ್ದು ಕೌಲ್ ಬಜಾರಿನ ಆಟೋಗಳ ಹಾರ್ನು, ಪೆನ್ನಿನ ಮುಚ್ಚಳ ಟಕ್ಕೆನ್ನುವ ಸದ್ದು. ಆಮೇಲೆ ಮೇಡಂ ಬಹಳ ನಿಧಾನವಾಗಿ ಕೇಳಿದರು.

"ಹಂಗಾದ್ರ ಕುರುಗೋಡಿನ ಐದು ಹೊಲದ್ದು ಖರೇ ಅದಾವ? ಅವಷ್ಟೂ ಒಂದ ಮನಿತನ ಅಂದ್ರೂ ಬೀಜದ ಮ್ಯಾಲೆ ಅನುಮಾನ ಉಳೀತೈತಿ. ನೆನಸ್ಕೊಂಡು ಹೇಳು ಹುಲಿಗೇಶ. ಐದಕ್ಕ ಐದೂ ಹೋಗಿದ್ದೇನು?"

ನಿಮಗೂ ನಾನು ಇಲ್ಲಿಯವರೆಗೆ ಅಷ್ಟೇ ಹೇಳಿದ್ದೆ. ಸಿರುಗುಪ್ಪಕ್ಕೆ ಹೋಗಿಲ್ಲ, ಕುರುಗೋಡಿನಲ್ಲಿ ತುಂಬಿಸಿದೆ ಎಂದು. ಹೌದು ಎಂದರೆ ಅರ್ಧ ತಪ್ಪಿನಲ್ಲಿ ನಾನು ಪಾರಾಗುತ್ತಿದ್ದೆ, ಲಾರಿ ಮತ್ತೆ ಚಾಲೂ ಆಗುತ್ತಿತ್ತು. ಅತ್ತೆಯ ಒಂದು ಕೈ ನಾನು ಇಳಿಸಿದ ಚೀಲದ ಮೇಲಿತ್ತು.

"ಇಲ್ಲ ಮೇಡಂ," ಅಂದೆ. "ಒಂದ ಗಿಡ."

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ನಿಮಗೂ ಹೇಳುತ್ತೇನೆ. ಒಂದನೇ ನಂಬರಿನ ಹೊಲ ನಮ್ಮಪ್ಪನದೇ, ರಸ್ತೆ ಪಕ್ಕ. ಹಂಪೇಶ್ ಬೈಕಿನ ಮೇಲೆ ಕೂತು ಹಾರ್ನ್ ಹೊಡೆಯುತ್ತಿದ್ದ, ಟೈಟಲ್ ಕಾರ್ಡ್ ತಪ್ಪಿಹೋಗುತ್ತದೆ ಎಂದು. ಬದುವಿನ ಅಂಚಿನಲ್ಲಿ, ಅಪ್ಪನ ಮೆಣಸಿನ ಸಾಲಿಗೆ ತಾಗಿಕೊಂಡು ಒಂದು ಸೋಯಾ ಗಿಡ, ಬುಡದಿಂದ ತುದಿಯವರೆಗೆ ಚಿಬ್ಬು. ಅದನ್ನು ಕಿತ್ತು ಬದುವಿನ ಮೇಲೆ ಕೂತೆ. ಹನ್ನೆರಡು ಕವರು, ಮೂರು ಮೂರು ಕಾಯಿ, ಮೂವತ್ತಾರು. ಅಷ್ಟೂ ಆ ಒಂದೇ ಗಿಡದಲ್ಲಿ ಸಿಕ್ಕವು, ಇನ್ನೂ ನಾಲ್ಕು ಉಳಿದವು. ಹತ್ತು ಹೆಜ್ಜೆ ಎಲ್ಲಿಂದ ಬಂತು, ಹೊಲದೊಳಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಎಂಟು ತಿಂಗಳು ಮೇಡಂ ಅರವತ್ತು ಕಿಲೋಮೀಟರಿನ ಹೊಲಗಳಿಗೆ ಪ್ರಶ್ನೆ ಕೇಳುತ್ತಿದ್ದೇನೆ ಎಂದುಕೊಂಡಿದ್ದರು. ಮೂವತ್ತಾರು ಸಲವೂ ಆ ಒಂದು ಗಿಡವೇ ಉತ್ತರ ಕೊಟ್ಟಿತ್ತು.

ಮೇಡಂ ಫೋನ್ ಇಟ್ಟುಬಿಟ್ಟರು.

ಲಾರಿಯಲ್ಲಿದ್ದ ಎರಡು ಚೀಲಗಳನ್ನು ಭೀಮರಾಜನೇ ಇಳಿಸಿದ, ಈ ಸಲ ಒಗೆಯಲಿಲ್ಲ. ಮಿಲ್ಲಿಗೆ ಫೋನ್ ಮಾಡಿದೆವು. ಬೆಳಿಗ್ಗೆ ಹೋದ ಇಪ್ಪತ್ತೊಂದು ಚೀಲ ಆಗಲೇ ಅರೆದು ಮುಗಿದಿತ್ತು. ಉಳಿದದ್ದು ಹತ್ತೊಂಬತ್ತು. ನಲವತ್ತು ಎಂದು ಮೊದಲಿಗೆ ಹೇಳಿದ್ದು ಸುಳ್ಳು. ನಾನು ಶುಕ್ರವಾರವೇ ಬಾಯಿ ಬಿಟ್ಟಿದ್ದರೆ ಅದು ನಿಜವಾಗುತ್ತಿತ್ತು.

ಮೇಡಂ ಅತ್ತೆಯ ಬೀಜವನ್ನು ಹತ್ತು ದಿನ ತಟ್ಟೆಯಲ್ಲಿಟ್ಟು ನೋಡಿದರು. ನೂರು ಕಾಳಿನಲ್ಲಿ ಎರಡಕ್ಕೆ ಮಾತ್ರ ಚಿಬ್ಬಿತ್ತು, ಬೀಜೋಪಚಾರ ಮಾಡಿ ಬಿತ್ತಬಹುದು ಎಂದರು. ಸುಂಕಮ್ಮತ್ತೆ ಬಂದವರಿಗೆಲ್ಲ ಅರ್ಧರ್ಧ ಕೊಟ್ಟರು, ಹೊಲಗಳ ಉಳಿದರ್ಧದಲ್ಲಿ ಈ ವರ್ಷ ಸಜ್ಜೆ ಇದೆ. ಮೇಡಂ ತಮ್ಮ ಥೀಸಿಸ್ಸಿನ ಒಂದು ಅಧ್ಯಾಯವನ್ನೇ ತೆಗೆದುಹಾಕಿದರು. ವಿರೂಪಾಕ್ಷಿ ಸರ್ ನನ್ನನ್ನು ತೆಗೆದುಹಾಕಲು ಹೊರಟಿದ್ದರು. ಮೇಡಂ ಬೇಡ ಎಂದರು, ಇವನಿಗೆ ಇನ್ನು ಸುಳ್ಳು ಹೇಳಲು ಭಯವಿದೆ, ಹೊಸಬನಿಗೆ ಅದನ್ನು ಮೊದಲಿನಿಂದ ಕಲಿಸಬೇಕು ಎಂದರಂತೆ. ಈ ಸೆಪ್ಟೆಂಬರಿನಲ್ಲಿ ಮತ್ತೆ ಹನ್ನೆರಡು ಕವರು ಕೊಟ್ಟರು. ನಾಲ್ಕು ದಿನ ಹಿಡಿಯಿತು. ಹೆಜ್ಜೆಗಳನ್ನು ಬಾಯಿಬಿಟ್ಟು ಎಣಿಸಿದೆ, ಸಿರುಗುಪ್ಪದ ರೈತರು ಹುಡುಗನಿಗೆ ಏನೋ ಆಗಿದೆ ಎಂದು ನೋಡಿದರು. ರೋಗ ಎಲ್ಲಿಂದ ಬಂತು ಎಂದು ಇನ್ನೂ ಗೊತ್ತಿಲ್ಲ. ಬೀಜದ್ದೂ ಇರಬಹುದು, ನಮ್ಮಪ್ಪನ ಮೆಣಸಿನದ್ದೂ ಇರಬಹುದು. ಉತ್ತರ ಬರಲು ಮುಂದಿನ ಮೇ ಆಗಬೇಕು. ಅಲ್ಲಿಯವರೆಗೂ ನನ್ನ ಕಾಲು ಹೀಗೇ ಅಲ್ಲಾಡುತ್ತಿರುತ್ತದೆ.

ಇನ್ನು ಆ ಡೈಲಾಗ್. ಮಣ್ಣಿಗೆ ಬೀಳೋಕೆ, ಬಾಣಲಿಗೆ ಬೀಳಿಸೋರು, ಅದು. ಅದು ನನಗೆ ಹೊಳೆದದ್ದು ಶನಿವಾರವಲ್ಲ, ಎಲ್ಲ ಮುಗಿದು ಮೂರು ದಿನ ಆದಮೇಲೆ, ಮಂಗಳವಾರ, ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುವಾಗ. ಜೋರಾಗಿ ಹೇಳಿ ನೋಡಿದೆ, ಚೆನ್ನಾಗಿಯೇ ಇತ್ತು. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಲಾರಿಯ ಮುಂದೆ ನಿಂತು ನಾನು ನಿಜವಾಗಿ ಆಡಿದ ಮಾತು ಎರಡೇ. ಹೋಗಿದ್ದಿಲ್ಲ. ಒಂದ ಗಿಡ.